ಮಾವ ಬರೆದಿಟ್ಟ ಪಾಲು

ಪಕ್ಕದ ಶಾನುಭೋಗರ ಮನೆಯಲ್ಲಿ ಬೆಳಗಿನಿಂದ ಹುಣಸೆಬೀಜದ ಅಂಟು ಕುದಿಯುತ್ತಿದೆ. ಹುರಿದ ಬೀಜದ ಹಿಟ್ಟು, ಇದ್ದಿಲ ಪುಡಿ, ನೀರು ಮೂರೂ ಕೂಡಿ ಬೇಯುವಾಗ ಒಂದು ಕಮಟು ವಾಸನೆ ಏಳುತ್ತದೆ. ಅದನ್ನು ಬಟ್ಟೆಗೆ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಕರೀ ಬಟ್ಟೆಯ ಮೇಲೆ ಬಳಪದಲ್ಲಿ ಬರೆಯುವುದು, ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮಸಿ ಬಳಿಯುವುದು. ಶಾನುಭೋಗರ ಸೊಸೆ ಬಾಗಿಲಲ್ಲಿ ಇಣುಕಿ, "ವಾಸನೆಗೆ ತಲೆನೋವು ಬಂತಾ ಅಜ್ಜಿ?" ಎಂದು ಕೇಳಿದಳು. "ತಲೆನೋವಲ್ಲ ಕಣಮ್ಮ, ನಮ್ಮ ಮಾವ ಬಂದ" ಅಂದೆ. ಅವಳು ಮುದುಕಿಗೆ ಅರಳುಮರಳು ಅಂದುಕೊಂಡು ನಗುತ್ತ ಹೋದಳು.

ಮಾವ ಎಂದರೆ ನನ್ನ ಗಂಡನ ತಂದೆ. ಸುಲ್ತಾನರ ಪಟ್ಟಣ ಬಿತ್ತಲ್ಲ, ಅದಕ್ಕೆ ಮೂರು ನಾಲ್ಕು ತಿಂಗಳು ಮುಂಚೆ ಸತ್ತ. ಕುಲದಲ್ಲಿ ಬಡಗಿ, ಉಳಿ ಹಿಡಿದದ್ದು ಕಡಿಮೆ. ಬಯಲಾಟದಲ್ಲಿ ರಾಣಿಯ ವೇಷ ಹಾಕುತ್ತಿದ್ದ. ನಾಗಮಂಗಲ, ಅತ್ತಿಗುಪ್ಪೆ, ಹಿರೋಡೆ, ಪಟ್ಟಣದ ಪೇಟೆ, ಎಲ್ಲಿ ಆಟವಿದ್ದರೂ ಜನ "ರಾಣಿ ಯಾರು?" ಎಂದು ಮೊದಲು ಕೇಳಿ ಆಮೇಲೆ ಗಾಡಿ ಕಟ್ಟುತ್ತಿದ್ದರು. ಮಾವ ಸೀರೆ ಉಟ್ಟ ರೀತಿ ನೋಡಿ ಹೆಂಗಸರು ಸೀರೆ ಉಡುವುದನ್ನು ತಿದ್ದಿಕೊಳ್ಳುತ್ತಿದ್ದರು. ಅವನು ಅತ್ತರೆ ಊರೇ ಅಳುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಮಾರಿಯ ಜೊತೆ ದೇವಲಾಪುರದ ಮನೆಯಲ್ಲಿ ಹದಿನಾಲ್ಕು ವರ್ಷ ಬಾಳಿದವಳು ನಾನು.

ಆ ಅಳು ಅವನಿಗೆ ಎಲ್ಲಿಂದ ಬರುತ್ತಿತ್ತು ಎಂದು ಊರಿನವರು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳುತ್ತಿದ್ದೆ. ಅತ್ತೆಯನ್ನು ನಾನು ನೋಡಿದವಳಲ್ಲ, ನಾನು ಸೊಸೆಯಾಗಿ ಬರುವ ಹೊತ್ತಿಗೆ ಸತ್ತು ಮೂರು ವರ್ಷವಾಗಿತ್ತು. ನೆರೆಮನೆಯವರು ಹೇಳಿದ್ದು ಇಷ್ಟು: ಅವಳ ಎರಡನೆಯ ಕೂಸು ತೀರಿಕೊಂಡ ದಿನ ಮಾವ ಕೂಸಿನ ಮುಖ ನೋಡಲಿಲ್ಲವಂತೆ. ಕಂಬಕ್ಕೆ ಒರಗಿ, ಅಳುವ ಹೆಂಡತಿಯನ್ನೇ ನೋಡುತ್ತ ಕೂತಿದ್ದನಂತೆ. ಆ ಸುಗ್ಗಿಯಲ್ಲಿ ಅವನು ಆಡಿದ, ಮಗ ಸತ್ತ ರಾಣಿಯ ವೇಷವನ್ನು ಹಿರೋಡೆಯ ಮುದುಕರು ಎಷ್ಟೋ ವರ್ಷ ನೆನೆಯುತ್ತಿದ್ದರು.

ನನಗೆ ಅಕ್ಷರ ಕಲಿಸಿದವನೂ ಅವನೇ. ಬಡಗಿ ಮನೆಯ ಹೆಣ್ಣಿಗೆ ಅಕ್ಷರ ಯಾರು ಕಲಿಸುತ್ತಿದ್ದರು? ಪ್ರೀತಿಯಿಂದಲ್ಲ. ಆಟದ ಪದ, ಮಾತು ಎಲ್ಲ ಕಡತದಲ್ಲಿರುತ್ತಿತ್ತು. ತಾನೇ ಓದಿಕೊಂಡರೆ ಕೈ ಮುಖ ಎರಡೂ ಕಟ್ಟಿಹಾಕಿದಂತಾಗುತ್ತದೆ ಎಂದು, ನಾನು ಓದಬೇಕು, ಅವನು ಅಭ್ಯಾಸ ಮಾಡಬೇಕು. ಓದುವಾಗ ನನ್ನ ದನಿ ಒಂಚೂರು ನಡುಗಿದರೆ ಸಾಕು, ಬಳಪ ಎಸೆಯುತ್ತಿದ್ದ. "ಓದೋಳು ಅಳ್ಬಾರ್ದು ಕಣಮ್ಮಿ, ಆಡೋನು ಅಳ್ಬೇಕು. ನೀನು ಸುಮ್ಕೆ ಅಕ್ಸರ ಓದು" ಅನ್ನುತ್ತಿದ್ದ. ಹಣೆಗೆ ಬಿದ್ದ ಒಂದು ಪೆಟ್ಟಿನ ಗುರುತು ಇನ್ನೂ ಇದೆ.

ಮದುವೆಯಾದ ಎರಡನೆಯ ವರ್ಷ. ಗೋವಿಂದನಹಳ್ಳಿ ನನ್ನ ತವರು, ಅಲ್ಲಿ ಅಪ್ಪ ಒಬ್ಬನೇ ಇದ್ದ. ನಾನು ರಾಗಿ ಬೀಸುತ್ತ ಕೂತಿದ್ದೆ. ಮಾವ ಹೊರಗಿನಿಂದ ಬಂದವನು ತಲೆಯ ವಸ್ತ್ರ ಬಿಚ್ಚಿ, "ನಿಮ್ಮಪ್ಪ ಓಗ್ಬುಟ್ಟ ಕಣಮ್ಮಿ. ಆವು ಕಚ್ತಂತೆ" ಅಂದ. ಬೀಸುಕಲ್ಲಿನ ಮೇಲೆ ಹಾಗೇ ಬಿದ್ದೆ. ಕೂದಲೆಲ್ಲ ಹಿಟ್ಟು, ಬಾಯೆಲ್ಲ ಹಿಟ್ಟು. ಎಷ್ಟು ಹೊತ್ತು ಅತ್ತೆನೋ... ತಲೆ ಎತ್ತಿದಾಗ ಮಾವ ಜಗುಲಿಯಲ್ಲಿ ಗದ್ದಕ್ಕೆ ಕೈಕೊಟ್ಟು ಕೂತು ನನ್ನನ್ನೇ ನೋಡುತ್ತಿದ್ದ. "ಸಾಕು ಏಳು. ನಿಮ್ಮಪ್ಪ ಗುಂಡ್ಕಲ್ನಂಗವ್ನೆ" ಅಂದ. ನಾನು ಬಾಯಿ ಬಿಟ್ಟುಕೊಂಡು ಕೂತಿರುವಾಗಲೇ ಕೇಳಿದ: "ಮೊದ್ಲು ಕೈ ಎಲ್ಲಿಗೋಯ್ತು, ತಲೆಗಾ ಎದೆಗಾ? ಗ್ಯಪ್ತಿ ಮಾಡ್ಕಂಡು ಏಳು."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಮುಂದಿನ ತಿಂಗಳು ನಾಗಮಂಗಲದ ಆಟದಲ್ಲಿ ರಾಣಿ ಬೀಸುಕಲ್ಲಿನ ಮೇಲೆ ಬಿದ್ದು, ಕೂದಲಿಗೆ ಹಿಟ್ಟು ಮೆತ್ತಿಕೊಂಡು ಅತ್ತಳು. ರಾಣಿ ಯಾಕೆ ರಾಗಿ ಬೀಸುತ್ತಾಳೆ ಎಂದು ಒಬ್ಬನೂ ಕೇಳಲಿಲ್ಲ ನೋಡಿ. ನನ್ನ ಪಕ್ಕ ಕೂತಿದ್ದ ಹೆಂಗಸು ಎದೆ ಎದೆ ಬಡಿದುಕೊಂಡಳು. ನಾನು ಎದ್ದು ಗಾಡಿಯ ಮರೆಗೆ ಹೋಗಿ ಕೂತೆ.

ನನ್ನ ಗಂಡ ಅಪ್ಪನ ಹಾಗಲ್ಲ. ಮಾತು ಕಡಿಮೆ, ಕೆಲಸ ಹೆಚ್ಚು. ಅಪ್ಪನ ಕಿರೀಟ, ಭುಜಕೀರ್ತಿ ಎಲ್ಲ ಹಗುರ ಮರದಲ್ಲಿ ಕೆತ್ತಿ ಕೊಡುತ್ತಿದ್ದವನು ಅವನೇ. ಆ ಬೀಸುಕಲ್ಲಿನ ಸಂಗತಿ ತಿಳಿದ ದಿನ ಅಪ್ಪನ ಎದುರು ನಿಲ್ಲುವ ಧೈರ್ಯವಾಗಲಿಲ್ಲ ಅವನಿಗೆ. ಹಿತ್ತಲಿಗೆ ಬಂದು ನನ್ನ ತಲೆಯ ಹಿಟ್ಟನ್ನು ತಾನೇ ತೊಳೆದ. ಹೇಡಿ ಅನ್ನಿ, ಅಂದರೆ ನನಗೇನೂ ಬೇಜಾರಿಲ್ಲ. ತಲೆ ತೊಳೆದವನು ಅವನೊಬ್ಬನೇ.

ಪಟ್ಟಣಕ್ಕೆ ದಂಡು ಬರುತ್ತದೆ ಎಂದು ಸುದ್ದಿಯಾದ ವರ್ಷ, ಸುತ್ತಲಿನ ಬಡಗಿಗಳನ್ನೆಲ್ಲ ಫಿರಂಗಿ ಗಾಡಿಯ ಚಕ್ರ ಮಾಡಲು ಕೋಟೆಗೆ ಕರೆದೊಯ್ದರು. ನನ್ನ ಗಂಡನೂ ಹೊರಟ. ಉಳಿಯ ಚೀಲ ಹೆಗಲಿಗೇರಿಸಿಕೊಂಡು ಹಿತ್ತಲ ಬಾಗಿಲಲ್ಲಿ ನಿಂತ. ಮಾವ ಒಳಗಿನಿಂದ ನಮ್ಮನ್ನೇ ನೋಡುತ್ತಿದ್ದಾನೆಂದು ಇಬ್ಬರಿಗೂ ಗೊತ್ತು. "ಏನೇ ಸುದ್ದಿ ಬರ್ಲಿ, ಅಪ್ಪನ್ ಮುಂದೆ ಅಳ್ಬ್ಯಾಡ ಕಣೆ. ನಾನು ಬಂದ್ಮೇಲೆ ಇಬ್ರೂ ಕೂತ್ಕಂಡು ಅತ್ತ್ಬುಡಾನ" ಎಂದು ಮೆಲ್ಲಗೆ ಹೇಳಿ ನಕ್ಕ. ನಾನೂ ನಕ್ಕೆ. ಹಾಗೇ ಹೋದ.

ಆಮೇಲೆ ಮುತ್ತಿಗೆ. ದಂಡು ನಮ್ಮ ಕಡೆಯೂ ಹಾಯಿತು. ನಾಗಮಂಗಲದ ತೆಂಗಿನ ಮರಗಳನ್ನು ಕಡಿದು ಕೆಡವಿದರು. ನಾವು ಕುರುಚಲು ಕಾಡಿನಲ್ಲಿ ಅಡಗಿ ಹಸಿ ರಾಗಿ ತಿಂದೆವು. ಫಿರಂಗಿ ನಿಂತಿತು, ರಾಜಿಯಾಯಿತು ಎಂದು ಕೇಳಿದ ಮೇಲೆ ಕರೆದೊಯ್ದವರು ಒಬ್ಬೊಬ್ಬರೇ ಊರಿಗೆ ಬಂದರು. ನನ್ನವನು ಬರಲಿಲ್ಲ. ಮಾವ ಹುಡುಕಿಕೊಂಡು ಬರುತ್ತೇನೆಂದು ಬುತ್ತಿ ಕಟ್ಟಿಸಿಕೊಂಡು ಪಟ್ಟಣಕ್ಕೆ ಹೋದ.

ಹನ್ನೆರಡನೆಯ ದಿನ ತಿರುಗಿ ಬಂದ. ಕಾಲು ಬಾತುಕೊಂಡಿತ್ತು, ಮುಖದಲ್ಲಿ ರಕ್ತವಿರಲಿಲ್ಲ. ನಾನು ಹೊಸಿಲು ಹಿಡಿದು ನಿಂತೆ. ಅಳಬಾರದು, ಏನೇ ಹೇಳಲಿ ಅಳಬಾರದು ಎಂದು ನಾಲಿಗೆ ಕಚ್ಚಿಕೊಂಡಿದ್ದೆ. ಮಾವ ನನ್ನನ್ನು ತುಂಬ ಹೊತ್ತು ನೋಡಿ, "ಬದ್ಕವ್ನೆ ಕಣಮ್ಮಿ" ಅಂದ. "ಬಡಗಿಗಳ್ನ ದುರ್ಗದ್ ಕಡೀಕೆ ಕರ್ಕಂಡೋಗವ್ರೆ. ಕೆಲ್ಸ ಮುಗುದ್ರೆ ಬತ್ತಾನೆ." ಅಯ್ಯೋ, ಆ ಹೊತ್ತು ನಾನು ಅವನ ಕಾಲು ಹಿಡಿದೆ. ಬಿಸಿನೀರು ಕಾಯಿಸಿ ಆ ಬಾತ ಕಾಲನ್ನು ತಿಕ್ಕಿ ತೊಳೆದೆ. ಇಷ್ಟು ವರ್ಷದಲ್ಲಿ ಈ ಮನುಷ್ಯ ನನಗೆ ತಂದ ಒಂದೇ ಒಳ್ಳೆಯ ಸುದ್ದಿ ಅಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು!

ಏಳು ವರ್ಷ ಕಾದೆ. ಏಳು ವರ್ಷವೂ ಮಾವ ನನ್ನೊಡನೆ ಚೆನ್ನಾಗಿದ್ದ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಕೈ ಎತ್ತಲಿಲ್ಲ. ಹಬ್ಬ ಬಂತೆಂದರೆ ನಾಗಮಂಗಲದ ಸಂತೆಯಿಂದ ಹಸಿರು ಬಳೆ ತಾನೇ ತರುತ್ತಿದ್ದ. "ತೊಟ್ಕಳಮ್ಮಿ, ಗಂಡ ಬರೋ ಒತ್ಗೆ ಕೈ ಬರೀದಾಗಿರ್ಬಾರ್ದು" ಅನ್ನುತ್ತಿದ್ದ. ಸಂಜೆ ನಾನು ಬಾಗಿಲಲ್ಲಿ ನಿಂತು ದಾರಿ ನೋಡುವಾಗ ಹಿಂದೆ ಜಗುಲಿಯಲ್ಲಿ ಕೂತಿರುತ್ತಿದ್ದ. ಕಾಲಿನ ಬಾವು ಇಳಿಯಲೇ ಇಲ್ಲ, ಕುಣಿಯುವ, ಬೀಳುವ ವೇಷ ಬಿಟ್ಟುಬಿಟ್ಟ. ಕೂತು ಆಡುವ ವೇಷ ಹಿಡಿದ. ಗಂಡ ಯುದ್ಧಕ್ಕೆ ಹೋಗಿದ್ದಾನೆ, ರಾಣಿ ಕಿಟಕಿಯಲ್ಲಿ ಕೂತು ದಾರಿ ಕಾಯುತ್ತಾಳೆ, ಇಷ್ಟೇ ಆಟ. ಅವನ ಹೆಸರು ಮೊದಲಿಗಿಂತ ಹೆಚ್ಚಾದದ್ದು ಆ ವೇಷದಲ್ಲಿ. ಒಂದು ಕೈಯಿಂದ ಬಾಗಿಲ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಬಳೆ ತಿರುಗಿಸಿಕೊಳ್ಳುತ್ತ ನಿಲ್ಲುವುದು ನನ್ನ ಅಭ್ಯಾಸ ಎಂದು ನನಗೆ ಗೊತ್ತೇ ಇರಲಿಲ್ಲ, ಅವನು ಕಿಟಕಿಯ ತೋಳು ಹಿಡಿದು ಕೂತು ಅದನ್ನೇ ಆಡಿದ್ದು ನೋಡುವ ತನಕ. ಸಿಟ್ಟು ಬಂತು, ನಿಜ. ಆದರೆ ಕಾಯುವುದನ್ನು ಕದ್ದರೆ ಕದಿಯಲಿ, ಗಂಡ ಬಂದರೆ ಸಾಕು ಎಂದು ಸುಮ್ಮನಾದೆ.

ಕೊನೆಯ ಮೂರು ವರ್ಷ ಒಬ್ಬ ಶಿಷ್ಯ ಮನೆಯಲ್ಲಿದ್ದ. ಅತ್ತಿಗುಪ್ಪೆ ಕಡೆಯ ಒಕ್ಕಲು ಮನೆತನದವನು, ಇಪ್ಪತ್ತೈದರ ಗಂಡಸು. ಚೆಂದದ ಮುಖ, ಒಳ್ಳೆಯ ಕಂಠ. ನನ್ನನ್ನು ಅಕ್ಕ ಅನ್ನುತ್ತಿದ್ದ, ಬಾವಿಯಿಂದ ನೀರು ಸೇದಿ ಕೊಡುತ್ತಿದ್ದ. ಅಳು ಮಾತ್ರ ಅವನಿಗೆ ಬಗ್ಗಲಿಲ್ಲ. "ಈರುಳ್ಳಿ ಎಚ್ದಂಗೆ ಅಳ್ತೀಯಲ್ಲೋ ಬಡ್ಡೀಮಗ್ನೆ" ಎಂದು ಮಾವ ಉಗಿಯುತ್ತಿದ್ದ. ಒಂದು ಸಲ ಅವನು ಬೇಸತ್ತು ಗಂಟು ಕಟ್ಟಿದಾಗ ಮಾವ ತಡೆದು ಹೇಳಿದ್ದು ನನ್ನ ಕಿವಿಗೂ ಬಿತ್ತು: "ಇರ್ಲಾ. ನಿಂಗೆ ಅಂತ ಒಂದು ಮಡ್ಗಿವ್ನಿ." ಯಾವುದೋ ಒಳ್ಳೆಯ ಸೀರೆ ಇರಬೇಕು ಅಂದುಕೊಂಡೆ.

ಮಾವ ಹಾಸಿಗೆ ಹಿಡಿದಾಗ ಹೊಸ ಕಡತ ಮಾಡಿಸಿಕೊಂಡ. ಅಂಟು ಕುದಿಸಿದವಳು ನಾನೇ. ಗೋಡೆಗೆ ತಿರುಗಿ ಕೂತು ನಾಲ್ಕು ದಿನ ಬರೆದ, ನಾನು ಗಂಜಿ ತಂದರೆ ಅಂಗೈ ಅಡ್ಡ ಹಿಡಿಯುತ್ತಿದ್ದ. ಬರೆದು ಮುಗಿಸಿ ದಾರ ಸುತ್ತಿ ಭಾಗವತನ ಕೈಗೆ ಕೊಟ್ಟ. ಭಾಗವತ ಎಂದರೆ ಮೇಳದಲ್ಲಿ ಪದ ಹಾಡುವವನು, ಮಾವನ ಜೊತೆಗಾರ. ಸಾವಿರ ಪದ ಬಾಯಲ್ಲಿದ್ದರೂ ಒಂದಕ್ಷರ ಓದಲು ಬಾರದು. ಆಮೇಲೆ ಎಂಟೊಂಬತ್ತು ದಿನಕ್ಕೆ ಮಾವ ಸತ್ತ. ಪಟ್ಟಣದ ಪೇಟೆಯಿಂದಲೂ ಜನ ಬಂದು ಅತ್ತರು.

ಹನ್ನೊಂದನೆಯ ದಿನ, ಊಟವಾದ ಮೇಲೆ ಮೇಳದವರೆಲ್ಲ ನಮ್ಮ ಅಂಗಳದಲ್ಲಿ ಚಾಪೆ ಹಾಕಿಕೊಂಡು ಕೂತರು. ಭಾಗವತ ಕಡತ ತಂದು ನನ್ನ ಮಡಿಲಿಗಿಟ್ಟ. "ನೀನೇ ಓದವ್ವ. ಅವ್ನು ಅಂಗೇ ಏಳವ್ನೆ" ಅಂದ. ಶಿಷ್ಯನನ್ನು ನನ್ನ ಎದುರಿಗೆ, ಮೊಳದ ದೂರದಲ್ಲಿ ಕೂರಿಸಿದ. ಅದೂ ಮಾವನ ಮಾತೇ ಅಂತೆ. ನನಗೆ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ? ಸಾಯುವವನು ಮಗನ ವಿಷಯ ಬರೆಯದೆ ಇರುತ್ತಾನೆಯೇ? ದುರ್ಗವೋ, ಅದರಾಚೆಯೋ, ಯಾವ ಊರಿನಲ್ಲಿದ್ದಾನೆಂದು ತಿಳಿದರೆ ನಾಳೆಯೇ ಭಾಗವತನನ್ನು ಕರೆದುಕೊಂಡು ಹೊರಡುವುದೆಂದು ಮನಸ್ಸಿನಲ್ಲೇ ಬುತ್ತಿ ಕಟ್ಟುತ್ತಿದ್ದೆ.

ಓದಿದೆ. "ಇದು ನಾನು ಬುದ್ಧಿ ನೆಟ್ಟಗಿರುವಾಗ ನನ್ನ ಕೈಯಾರೆ ಬರೆದ ಮರಣಶಾಸನ. ಮನೆ, ಹಿತ್ತಲು ಸೊಸೆಗೆ. ಹಿತ್ತಲ ಎರಡು ತೆಂಗಿನ ಮರ ಭಾಗವತನಿಗೆ. ಆಟದ ಸೀರೆ ಏಳು, ಮರದ ಕಿರೀಟ ಎರಡು, ಭುಜಕೀರ್ತಿ ಒಂದು ಜೊತೆ ಶಿಷ್ಯನಿಗೆ." ಮಡಿಕೆ ತಿರುಗಿಸಿದೆ.

"ನನ್ನ ಮಗ ಪಟ್ಟಣದ ಮುತ್ತಿಗೆಯಲ್ಲಿ ಸತ್ತ. ಗುಂಡು ಬಿದ್ದು ಬಡಗಿಗಳ ಕೊಟ್ಟಿಗೆ ಕುಸಿಯಿತು. ಹೆಣ ನಾನು ನೋಡಿದೆ. ಹೊಳೆಯ ದಡದಲ್ಲಿ ನಾನೇ ಮಣ್ಣು ಮಾಡಿ ಬಂದೆ. ಸೊಸೆಗೆ ಹೇಳಲಿಲ್ಲ. ಆಗ ಹೇಳಿದ್ದರೆ ಆ ಅಳು ನನ್ನ ಪಾಲಿಗೆ ಬರುತ್ತಿತ್ತು. ಕಾಲು ಸೋತವನಿಗೆ ಅಂಥದ್ದು ಸಿಕ್ಕಿ ಹಾಳಾಗಬಾರದೆಂದು ಉಳಿಸಿಟ್ಟೆ. ಇದು ನನ್ನ ಶಿಷ್ಯನ ಪಾಲು. ಇವಳು ಇದನ್ನು ಓದುವಾಗ ಅವನು ಎದುರಿಗಿರಬೇಕು, ಕಣ್ಣು ಮಿಟುಕಿಸದೆ ನೋಡಬೇಕು. ಸೀರೆ, ಕಿರೀಟ ಬೇರೆ ಯಾರಾದರೂ ಕೊಟ್ಟಾರು. ಇದನ್ನು ಕೊಡಲಾರರು."

ಎಲ್ಲವನ್ನೂ ಓದಿದೆ. ಒಂದಕ್ಷರ ಬಿಡಲಿಲ್ಲ, ಒಂದು ಕಡೆ ತಡೆಯಲಿಲ್ಲ. ಮೊದಲ ಸಾಲಿಗೇ ಕಣ್ಣು ಕತ್ತಲಿಟ್ಟಿತು, ಆದರೆ ಬಾಯಿ ತನ್ನ ಪಾಡಿಗೆ ಓದುತ್ತಿತ್ತು, ಎಷ್ಟು ವರ್ಷ ಹೊಡೆಸಿಕೊಂಡು ಕಲಿತ ಬಾಯಿ ಅದು. ಭಾಗವತ "ಅಯ್ಯೋ ಪಾಪಿ ಮುಂಡೇಮಗ್ನೆ" ಎಂದು ಸತ್ತವನಿಗೆ ಬೈದು ತಲೆ ಚಚ್ಚಿಕೊಂಡ. ಯಾರೋ ಹೆಂಗಸರು ಗೊಳೋ ಎಂದರು. ಶಿಷ್ಯ ಮಾತ್ರ ಅಲುಗಲಿಲ್ಲ. ನನ್ನ ಮುಖ ಬಿಟ್ಟು ಬೇರೆಲ್ಲೂ ಅವನ ಕಣ್ಣಿಲ್ಲ. ಇಬ್ಬರೂ ಕೂತು ಅಳೋಣ ಅಂದಿದ್ದ ನನ್ನವನು. ಅವನಿಲ್ಲದೆ, ಇವನ ಮುಂದೆ ಅಳಲೇ? ಪ್ರಾಣ ಹೋದರೂ ಇಲ್ಲ. ಎದ್ದು ಕೊಡದಲ್ಲಿ ಬಟ್ಟೆ ಅದ್ದಿ ತಂದು, ಅದೇ ಜಾಗದಲ್ಲಿ ಕೂತು, ಕಡತವನ್ನು ತೊಡೆಯ ಮೇಲೆ ಹರಡಿ ಮೊದಲಿನಿಂದ ಕೊನೆಯವರೆಗೆ ಒರೆಸಿದೆ. ಒಲೆಯ ಬಳಿ ನೆಲ ಸಾರಿಸುವ ಹಾಗೆ, ಮೂಲೆ ಮೂಲೆಯನ್ನೂ. ಮಡಚಿ ಅವನ ಮುಂದಿಟ್ಟು, "ತಕಳಪ್ಪ ನಿನ್ನ ಪಾಲು" ಅಂದೆ.

ಅವತ್ತೇ ಸಂಜೆ ಕೈಯ ಬಳೆ ಒಡೆದರು. ಮಾವ ತಂದ ಬಳೆಗಳು. ಅಳು, ಅತ್ತುಬಿಡು, ಇಲ್ಲದಿದ್ದರೆ ಎದೆಯಲ್ಲಿ ಕೂತುಬಿಡುತ್ತದೆ ಎಂದು ಹೆಂಗಸರು ಬೆನ್ನು ಗುದ್ದಿದರು. ಅಳಲಿಲ್ಲ. ನನ್ನನ್ನು ಹೆಚ್ಚು ಸುಟ್ಟದ್ದು ಬೇರೆ. ಏಳು ವರ್ಷ, ಏಳು ಮಾರ್ನಮಿ, ನನ್ನ ಗಂಡನ ಹೆಸರಿನಲ್ಲಿ ಒಂದು ಎಡೆ ಇಟ್ಟಿರಲಿಲ್ಲ. ಎಲ್ಲರ ಮನೆಯ ಸತ್ತವರು ಉಂಡು ಹೋಗುವಾಗ ಅವನು ಹಸಿದುಕೊಂಡು ಹೊಸಿಲಲ್ಲಿ ನಿಂತಿದ್ದನೇನೋ... ಒಳಗೆ ನಾನು ಹೊಸ ಬಳೆ ತೊಟ್ಟು ಹೋಳಿಗೆ ತಟ್ಟುತ್ತಿದ್ದೆ.

ಆಮೇಲೆ ಒಬ್ಬಳೇ ಇರುವಾಗ ಅಳಲು ನೋಡಿದೆ. ಬಾವಿಯ ಹತ್ತಿರ ನೋಡಿದೆ, ಗೋವಿಂದನಹಳ್ಳಿಗೆ ಹೋಗಿ ಅಪ್ಪನ ಮಗ್ಗುಲಲ್ಲಿ ಕೂತು ನೋಡಿದೆ. ಗಂಟಲಿಗೆ ಬರುವುದು, ಅಷ್ಟರಲ್ಲಿ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂದು ನಾನೇ ನೋಡಿಕೊಳ್ಳುವುದು, ಅಲ್ಲಿಗೆ ನಿಂತುಹೋಗುವುದು. ಶಿಷ್ಯ ಆಗಾಗ ಬರುತ್ತಿದ್ದ. ರಾಗಿ ತರುತ್ತಿದ್ದ, ಸೌದೆ ಒಡೆದು ಹಾಕುತ್ತಿದ್ದ. "ನಂಗೇನೂ ಗೊತ್ತಿರ್ನಿಲ್ಲ ಕಣಕ್ಕ. ಅಕ್ಕನ್ ಮಕ ಬುಡ್ಬ್ಯಾಡ ಅಂದಿದ್ರು, ಅಷ್ಟೆಯ" ಎಂದು ಆಣೆ ಮಾಡಿದ. ನಂಬಿದೆ. ನಂಬಿದರೂ ಅವನಿರುವಷ್ಟು ಹೊತ್ತು ಸೆರಗನ್ನು ಮುಖಕ್ಕೆ ಎಳೆದುಕೊಂಡೇ ಇರುತ್ತಿದ್ದೆ.

ಪಟ್ಟಣ ಬಿತ್ತು. ಆ ವರ್ಷದ ಸುಗ್ಗಿ ಮುಗಿದ ಮೇಲೆ ಶಿಷ್ಯನೇ ರಾಣಿಯಾಗಿ ದೇವಲಾಪುರದಲ್ಲಿ ಆಟವಾಯಿತು. ಸುತ್ತಲಿನವರೆಲ್ಲ ಬಂದಿದ್ದರು, ಕೋಟೆಯಲ್ಲಿ ಗಂಡ, ಮಗನನ್ನು ಕಳೆದುಕೊಂಡವರೇ ಹೆಚ್ಚು. ಇವನ ಈರುಳ್ಳಿ ಅಳು ನೋಡಿ ನಕ್ಕು ಬರೋಣವೆಂದು ನಾನೂ ಹೋದೆ. ಕೊನೆಯ ಸನ್ನಿವೇಶ ಬರುವ ಹೊತ್ತಿಗೆ ಬೆಳಕು ಹರಿದಿತ್ತು. ದೂತ ಬಂದು ಓಲೆಯೆಂದು ಒಂದು ಕಡತ ಕೊಟ್ಟ. ರಾಣಿ ಬಿಚ್ಚಿ ಓದಿದಳು, ಅರಸ ಯುದ್ಧದಲ್ಲಿ ಸತ್ತ ಸುದ್ದಿ. ದನಿ ನಡುಗಲಿಲ್ಲ. ಕೊನೆಯ ಸಾಲಿನವರೆಗೆ, ಯಾರದೋ ಮನೆಯ ಸುದ್ದಿ ಓದುವಂತೆ ಓದಿದಳು. ಮದ್ದಳೆ ನಿಂತಿತು. ರಾಣಿ ಸೆರಗನ್ನು ಕೊಡದಲ್ಲಿ ಅದ್ದಿ, ಓಲೆಯನ್ನು ತೊಡೆಯ ಮೇಲೆ ಹರಡಿ, ಮೂಲೆ ಮೂಲೆಯನ್ನೂ ಒರೆಸಿದಳು. ಮಡಚಿ ದೂತನ ಮುಂದಿಟ್ಟಳು. ಅಷ್ಟೇ. ಒಂದು ಹನಿ ಕಣ್ಣೀರಿಲ್ಲ.

ಬಯಲಿಗೆ ಬಯಲೇ ಒಡೆದುಹೋಯಿತು. ಅಂಥ ಅಳುವನ್ನು ಮಾವನ ಕಾಲದಲ್ಲೂ ನಾನು ಕೇಳಿರಲಿಲ್ಲ. ಗಂಡಸರು ನೆಲ ಗುದ್ದಿಕೊಂಡು ಅತ್ತರು. ನನ್ನ ಪಕ್ಕದ ಹೆಂಗಸು, ಕೋಟೆಯಲ್ಲಿ ಗಂಡನನ್ನು ಕಳೆದುಕೊಂಡವಳು, ಅತ್ತು ಅತ್ತು ನನ್ನ ಕಡೆ ತಿರುಗಿ, "ನಿಂಗೆ ಎದೆನೇ ಇಲ್ವೇನಮ್ಮಿ? ಕಲ್ಲಿದ್ದಂಗೆ ಕೂತಿದ್ದೀಯಲ್ಲ!" ಅಂದಳು. ಬಣ್ಣ ಅಳಿಸುವುದಕ್ಕೂ ಮೊದಲೇ ಶಿಷ್ಯ ಬಂದು ನನ್ನ ಕಾಲು ಮುಟ್ಟಿದ. "ಎಂಗಿತ್ತಕ್ಕ?" ಎಂದ. ಚೆನ್ನಾಗಿತ್ತು ಕಣಪ್ಪ ಅಂದೆ. ಚೆನ್ನಾಗಿಯೇ ಇತ್ತು.

ಅಂತೂ ಸತ್ತ ಮುದುಕನ ಮಾತು ನಡೆಯಿತು. ಅಳುವನ್ನು ಬಚ್ಚಿಟ್ಟೆ ಅಂದುಕೊಂಡಿದ್ದೆ, ಬಚ್ಚಿಟ್ಟದ್ದನ್ನೇ ಕೊಟ್ಟುಬಿಟ್ಟಿದ್ದೆ. ಈಗ ಶಿಷ್ಯನೂ ಇಲ್ಲ, ಅವನ ಶಿಷ್ಯರು ಆ ರಾಣಿಯನ್ನು ಆಡುತ್ತಾರೆ. ಎಲ್ಲಿ ಆಡಿದರೂ ಜನ ಅಳುತ್ತಾರಂತೆ. ನನಗೆ ಎರಡು ಕಣ್ಣಿಗೂ ಪೊರೆ ಬಂದಿದೆ, ದಿನವೆಲ್ಲ ನೀರು ಸೋರುತ್ತದೆ. ನೋಡಿದವರು ಅಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅದು ಮುಪ್ಪು. ಹೊಳೆಯ ದಡದಲ್ಲಿ ಎಲ್ಲಿ ಮಣ್ಣು ಮಾಡಿದನೆಂದು ಮಾವ ಬರೆಯಲಿಲ್ಲ, ನಾನು ಹೋಗಿ ಕೂರಲು ಒಂದು ಜಾಗವೂ ಇಲ್ಲ. ನಾಗಮಂಗಲದಿಂದ ಪಟ್ಟಣದವರೆಗೆ ಊರೂರಿನ ಜನ ನನ್ನ ಗಂಡನಿಗೆ ಅತ್ತಿದ್ದಾರೆ. ನಾನೊಬ್ಬಳು ಅತ್ತಿಲ್ಲ.